ಬೊಕ್ಕಪಟ್ಣದಿಂದ ತಂದ ಕಾರು

"ಬಿಡಿಭಾಗಕ್ಕಾದರೆ ಕೊಡ್ತೇನೆ. ಓಡಿಸ್ಲಿಕ್ಕೆ ಕೊಡುವುದಿಲ್ಲ."

ಕುಮುದಿನಿ ಇದನ್ನು ಮೂರನೆಯ ಸಲ ಹೇಳಿದಾಗ ಕೌಶಲ್‌ಗೆ ನಗು ತಡೆಯಲಾಗಲಿಲ್ಲ. ಬೊಕ್ಕಪಟ್ಣದ ಅವಳ ಮನೆಯ ಹಿಂದೆ, ಹರಿದ ಬಲೆಗಳ ರಾಶಿಯ ಪಕ್ಕ, ನೀಲಿ ಟಾರ್ಪಾಲಿನ ಅಡಿಯಲ್ಲಿ ಕಾರು ನಿಂತಿತ್ತು. ಕಪ್ಪು ಸೆಡಾನ್. ಹದಿನಾಲ್ಕು ವರ್ಷ ಹಳೆಯದು. ಹೊಸದಾಗಿದ್ದಾಗ ದೊಡ್ಡ ಡಾಕ್ಟರರು, ಬಿಲ್ಡರ್‌ಗಳು ಮಾತ್ರ ಕೊಳ್ಳುತ್ತಿದ್ದ ಟರ್ಬೊ ಎಂಜಿನ್ನಿನ ಮಾದರಿ ಅದು. ಈಗ ಒಂದು ಸ್ಕೂಟರಿನ ಬೆಲೆಗೆ ಸಿಗುವಂತಿತ್ತು. ಉಪ್ಪುಗಾಳಿ ಬಾಗಿಲಿನ ಅಂಚುಗಳನ್ನು ತಿಂದಿತ್ತು. ಆದರೂ ಟಾರ್ಪಾಲು ಸರಿಸಿದಾಗ ಅದು ಮಲಗಿದ್ದ ಪ್ರಾಣಿಯೊಂದು ಕಣ್ಣು ತೆರೆದಂತೆ ಕಂಡಿತು.

"ಯಾಕೆ ಓಡಿಸಬಾರದು?" ಎಂದು ಕೇಳಿದ.

"ಅದರಲ್ಲಿ ಮಾಟ ಉಂಟು." ಕುಮುದಿನಿ ಕಾರಿನ ಕಡೆ ನೋಡದೆ ಹೇಳಿದಳು. "ನಮ್ಮ ಯಜಮಾನ್ರು, ಅವರ ತಮ್ಮ ಕಿಟ್ಟು, ಇಬ್ಬರಿಗೂ ಸೇರಿ ಒಂದೇ ಬೋಟು. ಜಗಳ ಅಂದರೆ ಎಂತ ಅಂತ ಗೊತ್ತಿಲ್ಲದ ಮನೆ ಇದು. ಅವರನ್ನು ಬೇರೆ ಮಾಡ್ಲಿಕ್ಕೆ ಯಾರೋ ಮಾಡಿಸಿದ್ದು. ಈ ಕಾರಲ್ಲಿ ಕೂತು ಕೂತು ಇವರಿಗೆ ತಮ್ಮನ ಮೇಲೆ ಸಂಶಯ ಹತ್ತಿತು. ಊಟಕ್ಕೆ ಕೂತರೂ ಸಂಶಯ. ಕೊನೆಗೆ ಒಂದು ದಿವಸ ಬೋಟಲ್ಲಿ ಇಬ್ಬರೇ ಹೋದರು. ಇವರೊಬ್ಬರೇ ವಾಪಸು ಬಂದರು."

ಅವಳ ಗಂಡ ಯೋಗೀಶ್ ಈಗ ಜೈಲಿನಲ್ಲಿದ್ದ. ಕಿಟ್ಟುವಿನ ಹೆಣ ಮೂರನೆಯ ದಿನ ತಣ್ಣೀರುಬಾವಿಯ ಕಡಲ ದಡಕ್ಕೆ ಬಂದು ಬಿದ್ದಿತ್ತು.

ಕೌಶಲ್ ಮುಂಬೈಯಲ್ಲಿ ಹುಟ್ಟಿ ಬೆಳೆದವನು, ಮನೆಮಾತು ಮಾತ್ರ ಈ ಕಡೆಯದೇ. ವಾಮಂಜೂರಿನ ಬಳಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕನಾಗಿ ಬಂದು ಇನ್ನೂ ಒಂದು ವರ್ಷವಾಗಿರಲಿಲ್ಲ. ಇಂಥ ಎಂಜಿನ್ನನ್ನು ಓಡಿಸಬೇಕೆಂಬ ಆಸೆ ಅವನಿಗೆ ಓದುವ ಕಾಲದಿಂದಲೂ ಇತ್ತು. ಆ ಹೆಂಗಸಿನ ದುಃಖಕ್ಕೆ ಒಂದು ಕ್ಷಣ ತಲೆ ತಗ್ಗಿಸಿ, ಮರುಕ್ಷಣ ಸಲೀಸಾಗಿ ಸುಳ್ಳು ಹೇಳಿದ.

"ನಾನು ಕಾಲೇಜಿಗೆ ಕೊಂಡುಹೋಗುವುದು ಅಕ್ಕ. ವಿದ್ಯಾರ್ಥಿಗಳು ಬಿಚ್ಚಿ ಕಲೀತಾರೆ. ಒಂದು ಬೋಲ್ಟ್ ಕೂಡ ಜಾಗದಲ್ಲಿ ಉಳಿಯುವುದಿಲ್ಲ."

"ದೇವರಾಣೆ?"

"ದೇವರಾಣೆ."

ದೇವರನ್ನು ನಂಬದವನಿಗೆ ಆ ಮಾತು ಕಷ್ಟವಾಗಲಿಲ್ಲ. ಅವಳು ಕಾಗದಪತ್ರಕ್ಕೆ ಸಹಿ ಹಾಕಿದಳು.

ಕಾರು ಟೋಯಿಂಗ್ ಗಾಡಿಯ ಮೇಲೆ ಹೋದದ್ದು ಕಾಲೇಜಿಗಲ್ಲ, ವಾಮಂಜೂರಿನ ರಸ್ತೆ ಬದಿಯ ಅಫ್ರೋಝ್‌ನ ಗ್ಯಾರೇಜಿಗೆ. ಗದ್ದೆಯೊಂದರ ಅಂಚಿಗೆ ತಗಡು ಹೊದಿಸಿ ಕಟ್ಟಿದ ಗ್ಯಾರೇಜು ಅದು. ಅಫ್ರೋಝ್ ಮೂವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಮನೆಯಲ್ಲಿ ತಾಯಿಯೊಬ್ಬಳೇ. ಎಂಜಿನ್ನಿನ ಮೇಲೆ ಅಂಗೈ ಇಟ್ಟು, ಡಾಕ್ಟರು ನಾಡಿ ಹಿಡಿದ ಹಾಗೆ, ರೋಗ ಯಾವುದೆಂದು ಹೇಳುತ್ತಿದ್ದ. ಹತ್ತು ದಿನ ಹೆಣಗಿ ಆಯಿಲ್ ಸೋರುವುದನ್ನು ನಿಲ್ಲಿಸಿದ, ಬ್ರೇಕ್ ಹೊಸದು ಹಾಕಿದ. ಹನ್ನೊಂದನೆಯ ದಿನ ಕೌಶಲ್‌ಗೆ ಫೋನ್ ಮಾಡಿದ.

"ಸರ್, ಒಮ್ಮೆ ಬನ್ನಿ. ಡ್ರೈವರ್ ಸೀಟು ಬಿಚ್ಚಿದೆ. ಅಡಿಯಲ್ಲಿ ಎಂತದೋ ಉಂಟು."

ಸೀಟಿನ ಕೆಳಗಿನ ಕಾರ್ಪೆಟ್ಟನ್ನು ಯಾರೋ ಕೊಯ್ದು ಮತ್ತೆ ಹೊಲಿದಿದ್ದರು. ಒಳಗೆ ಬೆರಳುದ್ದದ ಎರಡು ಗೊಂಬೆಗಳು. ಕಪ್ಪು ಬಟ್ಟೆಯವು. ಬೆನ್ನಿಗೆ ಬೆನ್ನು ತಾಗಿಸಿ, ನಡುವೆ ಒಂದು ಕಾಗೆಯ ಗರಿ, ಒಂದು ಗೂಬೆಯ ಗರಿ ಇಟ್ಟು, ಮನುಷ್ಯರ ಕೂದಲಿನಿಂದ ಬಿಗಿದು ಕಟ್ಟಿದ್ದರು. ಕೊಳೆತ ಮೀನು, ಸುಟ್ಟ ಕೂದಲು, ಬೇವಿನೆಣ್ಣೆ ಮೂರೂ ಬೆರೆತ ವಾಸನೆ ಗ್ಯಾರೇಜಿನ ಗ್ರೀಸಿನ ವಾಸನೆಯನ್ನೇ ಮುಚ್ಚಿಹಾಕಿತು.

"ಮುಟ್ಬೇಡಿ ಸರ್. ತಿಳಿದವರನ್ನು ಕರೆಸುವ. ಅವರು ತೆಗೀತಾರೆ."

"ಮಾರಾಯ, ನಾಲ್ಕು ಸಿಲಿಂಡರ್ ಉಂಟು ಇದಕ್ಕೆ. ಮಾಟ ಯಾವುದರಲ್ಲಿ ಕೂತ್ಕೊಳ್ತದೆ ಹೇಳು, ಅದರ ಪ್ಲಗ್ ತೆಗೀವ."

ಕೌಶಲ್ ಗೊಂಬೆಗಳನ್ನು ಎತ್ತಿಕೊಂಡ. ಅಫ್ರೋಝ್ ಎರಡು ಹೆಜ್ಜೆ ಹಿಂದೆ ಸರಿದದ್ದನ್ನು ಕಂಡು ಇನ್ನಷ್ಟು ಹುರುಪು ಬಂತು. ಕೂದಲಿನ ಗಂಟನ್ನು ಉಗುರಿನಿಂದ ಎಳೆದು ಬಿಡಿಸಿದ. ಗೊಂಬೆಗಳು ಬೇರಾಗಿ ಅಂಗೈಯಲ್ಲಿ ಮಗುಚಿಕೊಂಡವು. ಒಂದಕ್ಕೂ ಮುಖವಿರಲಿಲ್ಲ. ಎರಡನ್ನೂ ಚರಂಡಿಗೆ ಎಸೆದು ಕೈ ತೊಳೆದುಕೊಂಡ. ಕೈಯ ವಾಸನೆ ಆ ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ.

ಮೊದಲ ಒಂದು ತಿಂಗಳು ಕಾರು ಅವನಿಗೆ ಸುಖವನ್ನೇ ಕೊಟ್ಟಿತು. ಶಕ್ತಿನಗರದ ಬಾಡಿಗೆ ಮನೆಯಿಂದ ಹೊರಟು ಏರಿನಲ್ಲಿ ಪೆಡಲನ್ನು ಸ್ವಲ್ಪ ಒತ್ತಿದರೆ ಸಾಕು. ಒಂದು ಗಳಿಗೆ ಏನೂ ಆಗುತ್ತಿರಲಿಲ್ಲ. ಆಮೇಲೆ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ತಿರುಗಲು ಶುರುವಾಗಿ, ತೆಳುವಾದ ಸಿಳ್ಳೆಯೊಂದು ಏಳುತ್ತಿತ್ತು. ಅದರ ಹಿಂದೆಯೇ ಯಾರೋ ಬೆನ್ನಿಗೆ ಕೈ ಕೊಟ್ಟು ದೂಡಿದಂತೆ ಕಾರು ಮುನ್ನುಗ್ಗುತ್ತಿತ್ತು. ಹೆಂಡತಿ ಮನ್ವಿತಾ ಪಕ್ಕದ ಸೀಟಿನಲ್ಲಿ ಹಿಡಿಕೆ ಹಿಡಿದು ನಗುತ್ತಿದ್ದಳು. ಅವಳು ಮಣ್ಣಗುಡ್ಡದ ಹುಡುಗಿ, ಹಂಪನಕಟ್ಟೆಯ ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಬೆಳಿಗ್ಗೆ ಅವಳನ್ನು ಅಲ್ಲಿ ಬಿಟ್ಟು ಕೌಶಲ್ ಕಾಲೇಜಿಗೆ ಹೋಗುತ್ತಿದ್ದ.

ಮಳೆ ಹಿಡಿದ ವಾರ ಸಿಳ್ಳೆ ಬದಲಾಯಿತು.

ಮೊದಲು ಅದು ಮಾತಿನಂತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಇಬ್ಬರು ಪಿಸುಗುಟ್ಟಿದಂತೆ, ನಾವು ಬಾಗಿಲಿಗೆ ಬಂದಾಗ ಥಟ್ಟನೆ ಬಾಯಿ ಮುಚ್ಚಿದಂತೆ. ಕೌಶಲ್ ಕಿಟಕಿ ಏರಿಸಿ ಕಿವಿಗೊಟ್ಟ. ಪೈಪಿನ ಕ್ಲಾಂಪ್ ಸಡಿಲವಾಗಿರಬೇಕು, ಗಾಳಿ ಸೋರುತ್ತಿರಬೇಕು ಎಂದುಕೊಂಡ. ಅಫ್ರೋಝ್ ಕ್ಲಾಂಪ್ ಬಿಗಿದ. ಮರುದಿನ ಏರಿನಲ್ಲಿ, ಸಿಳ್ಳೆಯ ತುದಿಯಲ್ಲಿ, ಸ್ಪಷ್ಟವಾಗಿ ಒಂದು ಹೆಸರು ಕೇಳಿಸಿತು.

ಮನ್ವಿತಾ.

ಅವನು ಪೆಡಲಿನಿಂದ ಕಾಲು ತೆಗೆದ. ಒಬ್ಬನೇ ಇದ್ದ. ಕೊಳೆತ ಮೀನಿನ ವಾಸನೆ ಎಸಿಯಿಂದ ತಣ್ಣಗೆ ಮುಖಕ್ಕೆ ಬಡಿಯಿತು.

ಆಮೇಲೆ ಕಣ್ಣಿಗೂ ಒಂದೊಂದೇ ಬೀಳತೊಡಗಿತು. ಪಕ್ಕದ ಸೀಟು ತಾನು ಬಿಟ್ಟುದಕ್ಕಿಂತ ಹಿಂದಕ್ಕೆ ಒರಗಿತ್ತು. ಕನ್ನಡಿ ತುಸು ತಿರುಗಿತ್ತು. ಕ್ಲಾಂಪ್ ಬಿಗಿಯಲು ಕೊಟ್ಟ ದಿನ ಕಾರು ಗ್ಯಾರೇಜಿನಲ್ಲೇ ಇತ್ತಂತೆ, ಆದರೆ ಮೀಟರು ಎಂಟು ಕಿಲೋಮೀಟರು ಹೆಚ್ಚು ತೋರಿಸುತ್ತಿತ್ತು. ಕೇಳಿದ್ದಕ್ಕೆ ಅಫ್ರೋಝ್, "ಟ್ರಯಲ್‌ಗೆ ಹೋಗಿದ್ದೆ ಸರ್" ಎಂದ. ಎಲ್ಲಿಗೆ? ಸಿಳ್ಳೆ ಆ ಪ್ರಶ್ನೆಯನ್ನು ಅವನಿಗಿಂತ ಮೊದಲೇ ಕೇಳಿತ್ತು. ಒಂದು ಮಧ್ಯಾಹ್ನ ಮನ್ವಿತಾ ಬಸ್ಸಿಳಿದು ಗ್ಯಾರೇಜಿನ ಬಾಗಿಲಲ್ಲಿ ನಿಂತು ಅಫ್ರೋಝ್‌ನ ಜೊತೆ ಮಾತಾಡುತ್ತಿದ್ದಳು. ಅವನ ತಾಯಿಗೆ ಕನ್ನಡಕ ತಂದಿದ್ದಳು. ಹಾಗೆಂದು ಅವಳು ಹೇಳಿದಳು. ಇಬ್ಬರೂ ನಗುತ್ತಿದ್ದರು. ಕೌಶಲ್ ಹತ್ತಿರ ಬಂದಾಗ ನಗು ನಿಂತಿತು. ನಿಂತಿತೇ? ಇಲ್ಲ, ಮಾತು ಮುಗಿದಿತ್ತಷ್ಟೇ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಆ ರಾತ್ರಿ ಅವಳು ಮಲಗಿದ ಮೇಲೆ ಅವಳ ಫೋನು ತೆರೆದ. ಏನೂ ಸಿಗಲಿಲ್ಲ.

ಅಳಿಸಿದ್ದಾಳೆ, ಎಂದಿತು ಸಿಳ್ಳೆ ಬೆಳಿಗ್ಗೆ.

ತರಗತಿಯಲ್ಲಿ ಅವನು ಬೋರ್ಡಿನ ಕಡೆ ತಿರುಗಿದರೆ ಹಿಂದೆ ವಿದ್ಯಾರ್ಥಿಗಳು ನಕ್ಕಂತಾಗುತ್ತಿತ್ತು. ಸಹೋದ್ಯೋಗಿಗಳು ಚಹಾದ ಲೋಟ ಹಿಡಿದು ಮಾತು ನಿಲ್ಲಿಸುತ್ತಿದ್ದರು. ಕಾರಿನೊಳಗೆ ಮಾತ್ರ ಯಾರೋ ತನ್ನ ಪರವಾಗಿದ್ದಾರೆ ಅನ್ನಿಸುತ್ತಿತ್ತು. ಕೆಲಸ ಮುಗಿದ ಮೇಲೂ ಅವನು ಪಾರ್ಕಿಂಗಿನಲ್ಲಿ ಎಂಜಿನ್ ಓಡಿಸಿಕೊಂಡು ಕೂರುತ್ತಿದ್ದ.

ಜುಲೈಯ ಒಂದು ಬೆಳಿಗ್ಗೆ, ನಂತೂರು ಸರ್ಕಲಿನ ಟ್ರಾಫಿಕ್ಕಿನಲ್ಲಿ, ಮಳೆ ಗಾಜಿಗೆ ಹೊಡೆಯುತ್ತಿದ್ದಾಗ ಕೇಳಿಯೇಬಿಟ್ಟ.

"ಅಫ್ರೋಝ್ ನಿನಗೆ ಎಷ್ಟು ದಿವಸದಿಂದ ಗೊತ್ತು?"

ಮನ್ವಿತಾ ಅವನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿಗಿಂತ ಮೊದಲು ಹೆದರಿಕೆ ಬಂದದ್ದನ್ನು ಅವನು ನೋಡಿದ. ತಪ್ಪು ಮಾಡಿದವರ ಹೆದರಿಕೆ ಎಂದುಕೊಂಡ.

"ಕೌಶಲ್, ಈ ಕಾರನ್ನು ಕೊಟ್ಟುಬಿಡು. ಇವತ್ತೇ."

"ನಾನು ಕೇಳಿದ್ದಕ್ಕೆ ಉತ್ತರ ಹೇಳು."

ಅವಳು ನಿಂತ ವಾಹನಗಳ ನಡುವೆ ಬಾಗಿಲು ತೆರೆದು ಇಳಿದಳು. ಕೊಡೆಯಿಲ್ಲದೆ, ಸೀರೆಯ ನೆರಿಗೆ ಎತ್ತಿಕೊಂಡು, ನೀರಿನಲ್ಲಿ ನಡೆಯುತ್ತ ಹೋದಳು. ಆ ದಿನ ಮಣ್ಣಗುಡ್ಡದ ತಾಯಿಮನೆಗೆ ಹೋದವಳು ವಾಪಸು ಬರಲಿಲ್ಲ.

ಎರಡು ದಿನದ ಮೇಲೆ ಕಾರಿನ ಶಕ್ತಿ ಇಳಿಯಿತು. ಏರಿನಲ್ಲಿ ಏದುಸಿರು ಬಿಡುತ್ತ, ಬೆಲ್ಟಿನ ಕಡೆಯಿಂದ ಕಿರುಗುಟ್ಟುತ್ತ ಅದು ಶನಿವಾರ ಮಧ್ಯಾಹ್ನ ಹೇಗೋ ವಾಮಂಜೂರು ತಲುಪಿತು. ಮೋಡ ಕವಿದು ಹಗಲೇ ಕತ್ತಲಾಗಿತ್ತು. ಕರೆಂಟು ಇರಲಿಲ್ಲ. ತಗಡಿನ ಮಾಡಿನ ಮೇಲೆ ಮಳೆಯ ಸದ್ದು ಕಿವಿ ತುಂಬಿತ್ತು. ಅಫ್ರೋಝ್ ಬಾನೆಟ್ ಎತ್ತಿ, ತಲೆಗೆ ಟಾರ್ಚ್ ಕಟ್ಟಿಕೊಂಡ.

"ಬೆಲ್ಟಿನ ಪುಲ್ಲಿ ಅಲ್ಲಾಡ್ತಾ ಉಂಟು. ನೀವು ಒಳಗೆ ಕೂತ್ಕೊಳ್ಳಿ ಸರ್. ನಾನು ಹೇಳಿದ ಮೇಲೆ ಮಾತ್ರ ಸ್ಟಾರ್ಟ್ ಮಾಡಿ. ಅಲ್ಲಿವರೆಗೆ ಕೀ ಹಾಕ್ಲೇಬೇಡಿ."

ಕೌಶಲ್ ಕೂತ. ಬಾಗಿಲು ಮುಚ್ಚಿದ. ಎತ್ತಿದ ಬಾನೆಟ್ಟು ಮುಂದಿನ ಗಾಜನ್ನು ಪೂರ್ತಿ ಮರೆಮಾಡಿತ್ತು. ಬಾನೆಟ್ಟಿನ ಕೆಳಗಿನ ಬೆರಳಗಲದ ಸಂದಿಯಲ್ಲಿ ಟಾರ್ಚಿನ ಬೆಳಕು ಹರಿದಾಡುತ್ತಿತ್ತು. ಆ ಬೆಳಕಿನಲ್ಲಿ ಎರಡು ಕೈಗಳು ಮಾತ್ರ ಕಾಣುತ್ತಿದ್ದವು.

ಆಗ ಸಿಳ್ಳೆ ಎದ್ದಿತು.

ಎಂಜಿನ್ ಆಫ್ ಆಗಿತ್ತು. ಕೀ ಅವನ ಅಂಗೈಯಲ್ಲಿತ್ತು. ಟರ್ಬೊ ತಿರುಗುವುದು ಸಾಧ್ಯವಿರಲಿಲ್ಲ. ಇಪ್ಪತ್ತು ಬ್ಯಾಚು ವಿದ್ಯಾರ್ಥಿಗಳಿಗೆ ಬೇಕಾದರೂ ಅದನ್ನು ಅವನು ಚಿತ್ರ ಬರೆದು ವಿವರಿಸಬಲ್ಲ. ಆದರೂ ಸಿಳ್ಳೆ ಸೀಟಿನ ಅಡಿಯಿಂದ ಎದ್ದು, ಬೆನ್ನುಹುರಿ ಹತ್ತಿ, ಕಿವಿಯ ಹಿಂದೆ ಬಂದು ನಿಂತಿತು. ಸುಟ್ಟ ಕೂದಲಿನ ವಾಸನೆ. ಗಾಜೆಲ್ಲ ಮಂಜಾಯಿತು.

ನೋಡು. ಅವನ ಕೈ.

ಕೈಗಳು ಎಡಕ್ಕೆ ಸರಿದವು.

ಬ್ರೇಕಿನ ಪೈಪಿಗೆ ಹೋಗ್ತಾ ಉಂಟು. ನೀನು ಸತ್ತರೆ ಅವಳಿಗೆ ದಾರಿ ಸಲೀಸು.

ಇಲ್ಲ, ಎಂದ ಕೌಶಲ್. ಜೋರಾಗಿಯೇ ಅಂದ. ಮಳೆ ಅದನ್ನು ನುಂಗಿತು.

ಕೊಯ್ತಾನೆ. ಈಗ ಕೊಯ್ತಾನೆ.

ಬೆಳಕಿನಲ್ಲಿ ಏನೋ ಹೊಳೆಯಿತು. ಸ್ಪ್ಯಾನರ್. ಸ್ಪ್ಯಾನರೇ. ಅವನು ಕಣ್ಣಾರೆ ಕಂಡ. ಅದು ಸ್ಪ್ಯಾನರ್ ಎಂದು ಅವನಿಗೆ ತಿಳಿದಿತ್ತು. ಕೈ ಬೆಲ್ಟಿನ ಒಳಗಿತ್ತು. ಅದೂ ತಿಳಿದಿತ್ತು. ಕೀ ತನ್ನ ಜಾಗಕ್ಕೆ ಹೋಯಿತು. ಬೆರಳುಗಳು ತಣ್ಣಗಿದ್ದವು. ಸಿಳ್ಳೆ ನಿಂತಿತು. ಪೂರ್ತಿ ನಿಂತಿತು. ಮಳೆ ಕೂಡ ಕೇಳಿಸಲಿಲ್ಲ. ಆ ಮೌನದಲ್ಲಿ ಅವನು ಒಬ್ಬನೇ ಇದ್ದ. ತಿರುಗಿಸಿದ.

ಎಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಆಗಿ ಬೆಲ್ಟು ತಿರುಗಿತು.

ಆಸ್ಪತ್ರೆಗೆ ಹೋಗಲು ಆ ಕಾರನ್ನು ಯಾರೂ ಮುಟ್ಟಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ರಿಕ್ಷಾವನ್ನು ಕೌಶಲ್ ಅಡ್ಡಗಟ್ಟಿದ. ಅಫ್ರೋಝ್‌ನ ಬಲಗೈಯನ್ನು ತನ್ನ ಅಂಗಿಯಲ್ಲಿ ಸುತ್ತಿ, ತೊಡೆಯ ಮೇಲೆ ಎತ್ತಿ ಹಿಡಿದು ಕೂತ. ಹೆಬ್ಬೆರಳೊಂದನ್ನು ಬಿಟ್ಟು ಬೇರೆ ಯಾವ ಬೆರಳನ್ನೂ ಉಳಿಸಲು ಡಾಕ್ಟರರಿಗೆ ಆಗಲಿಲ್ಲ.

ಸಂಜೆ ವಾರ್ಡಿನಲ್ಲಿ ಎಚ್ಚರವಾದಾಗ ಅಫ್ರೋಝ್ ಮೊದಲು ಹುಡುಕಿದ್ದು ಕೌಶಲ್‌ನನ್ನು.

"ಸರ್, ನಾನು ಮೊದಲೇ ಹೇಳಿದ್ದೆ ಅಲ್ವಾ, ಅದರಲ್ಲಿ ಉಂಟು ಅಂತ. ನೀವು ಕೀ ಹಾಕಿರ್ಲಿಲ್ಲ ಅಲ್ವಾ? ಅದು ತಾನಾಗಿಯೇ ಸ್ಟಾರ್ಟ್ ಆದದ್ದು ಅಲ್ವಾ?"

ಮಂಚದ ಆಚೆ ಬದಿಯಲ್ಲಿ ಪೊಲೀಸಿನವನೊಬ್ಬ ಹೇಳಿಕೆ ಬರೆದುಕೊಳ್ಳಲು ಪೆನ್ನು ಹಿಡಿದು ಕಾಯುತ್ತಿದ್ದ. ಮಾಟವೆಂದರೆ ನಗುತ್ತಿದ್ದ ಕೌಶಲ್ ಒಮ್ಮೆ ಅವನನ್ನೂ, ಒಮ್ಮೆ ಬ್ಯಾಂಡೇಜನ್ನೂ ನೋಡಿದ.

"ಹೌದು ಅಫ್ರೋಝ್. ತಾನಾಗಿಯೇ ಸ್ಟಾರ್ಟ್ ಆಯ್ತು. ಅದರಲ್ಲಿ ಏನೋ ಉಂಟು."

ಪೊಲೀಸಿನವನು ವೈರಿಂಗ್ ದೋಷವೆಂದು ಬರೆದುಕೊಂಡು ಹೋದ. ಅಫ್ರೋಝ್‌ನ ತಾಯಿ ಹೊಸ ಕನ್ನಡಕದ ಹಿಂದೆ ಅಳುತ್ತ ಕೌಶಲ್‌ನ ಎರಡೂ ಕೈ ಹಿಡಿದುಕೊಂಡಳು. "ನೀವು ಬೇಗ ತಂದಿರಿ ಮಗ. ಇಲ್ಲದಿದ್ದರೆ ಇವನು ಉಳೀತಿರಲಿಲ್ಲ."

ಅವನು ಕೈ ಬಿಡಿಸಿಕೊಂಡು ವರಾಂಡಕ್ಕೆ ಬಂದ. ಮನ್ವಿತಾ ಬೆಂಚಿನ ಮೇಲೆ ಕೂತಿದ್ದಳು. ಸುದ್ದಿ ತಿಳಿದು ಬಂದಿದ್ದಳು. ಅವನ ಮಾತು ತೆರೆದ ಬಾಗಿಲಿನಿಂದ ಅವಳಿಗೆ ಕೇಳಿಸಿತ್ತು. ಅವನು ಪಕ್ಕದಲ್ಲಿ ಕುಸಿದು ಕೂತ.

"ಅದು ಮಾತಾಡ್ತದೆ ಮನ್ವಿ," ಎಂದ ತಗ್ಗಿದ ದನಿಯಲ್ಲಿ. "ನೀನು ನಂಬುವುದಿಲ್ಲ. ನಿನ್ನ ಬಗ್ಗೆ, ಅವನ ಬಗ್ಗೆ ಎಂತೆಂತದೋ ಹೇಳ್ತಿತ್ತು. ನಾನು ನಾನಾಗಿ ಇರ್ಲಿಲ್ಲ."

"ನಂಬ್ತೇನೆ," ಎಂದಳು ಮನ್ವಿತಾ. "ನನಗೂ ಹೇಳ್ತಿತ್ತು."

ಅವನು ತಲೆ ಎತ್ತಿದ.

"ಮಳೆ ಶುರುವಾದ ಲಾಗಾಯ್ತು, ದಿನಾ ಹೇಳ್ತಿತ್ತು. ನೀನು ಒಂದು ದಿವಸ ನನ್ನ ಬದಿಯನ್ನೇ ಲಾರಿಗೆ ಗುದ್ದಿಸ್ತಿ ಅಂತ. ಹ್ಯಾಂಡ್‌ಬ್ರೇಕ್ ಎಳಿ, ಸ್ಟೇರಿಂಗ್ ತಿರುಗಿಸು, ನೀನೇ ಮೊದಲು ಮಾಡು ಅಂತ. ನಂತೂರಲ್ಲಿ ಎಷ್ಟು ಜೋರಾಗಿ ಹೇಳಿತು ಅಂದರೆ ನನ್ನ ಕೈ ಸ್ಟೇರಿಂಗಿನ ಹತ್ತಿರ ಹೋಗಿತ್ತು. ಅದಕ್ಕೇ ನಾನು ಇಳಿದು ಹೋದದ್ದು."

ವಾರ್ಡಿನೊಳಗೆ ಅಫ್ರೋಝ್ ನೋವಿನಿಂದ ನರಳಿದ. ನರ್ಸ್ ಓಡಿಹೋದಳು.

"ಕೀ ಎಲ್ಲಿತ್ತು ಕೌಶಲ್?"

ಅವನು ಬಲಗೈಯನ್ನು ಮುಷ್ಟಿ ಮಾಡಿ ತೊಡೆಯ ಅಡಿಗೆ ಸರಿಸಿದ. ಅವಳು ಎದ್ದು, ಅವನ ಮುಂದಿನಿಂದ ದಾಟಿ, ಅಫ್ರೋಝ್‌ನ ತಾಯಿಯ ಪಕ್ಕ ಹೋಗಿ ನಿಂತಳು.