ಐಸಿಯು ಬಾಗಿಲ ಹೊರಗಿನ ಕೌದಿ

ಬಸವನ ಬಾಗೇವಾಡಿ ಠಾಣೆ. ಮಂಗಳವಾರ ಬೆಳಿಗ್ಗೆ 9.10. ಗೊಳಸಂಗಿಯ ಕಸ್ತೂರೆವ್ವ ಬಂದವಳೇ ಪಿಎಸ್‌ಐ ಪ್ರಿಯದರ್ಶಿನಿಯ ಮೇಜು ಬಡಿದಳು.

“ನಮ್ಮ ಮನಿಯವ್ರು ಆಪರೇಷನ್ ಆಗಿ ಐಸಿಯು ಗೆದ್ದು ವಾರ್ಡಿಗೆ ಬಂದಿದ್ರು ರೀ. ಮೂರನೇ ದಿನಕ್ಕ ಹೊಲಿಗಿ ಕೀವಾಗಿ ಮತ್ತ ಒಳಗ ಹಾಕ್ಯಾರ. ಹಿಂಗಾದವರು ಮೂರು ಮಂದಿ!”

ಗಂಡ ಮಾಳಿಂಗನ ಜೀವ ಐಸಿಯುನಲ್ಲಿ ತೂಗಾಡುತ್ತಿತ್ತು. 9.40ಕ್ಕೆ ಎಫ್‌ಐಆರ್ ಆಯಿತು. ಕಸ್ತೂರೆವ್ವನನ್ನೂ ಜೀಪಿಗೆ ಹತ್ತಿಸಿಕೊಂಡು ಅವನಿದ್ದ ಖಾಸಗಿ ಆಸ್ಪತ್ರೆಗೆ ಹೋದರು.

ಪ್ರಿಯದರ್ಶಿನಿ ವಾರ್ಡಿನ ಸಿಸ್ಟರ್ ಫರಹತಳನ್ನು ವಿಚಾರಿಸಿದಳು.

“ಮೈಗೆ ಹಾಕಿದ ನಳಿಗಿ?”

“ಬ್ಯಾಡಾದ್ದು ಐಸಿಯುದಾಗ ತಗೀತೇವ್ರಿ.”

“ಮಂಚ?”

“ತೊಳದ ಮ್ಯಾಲ ಪೇಷಂಟ್ ರೀ.”

ದಾಖಲೆ ಪಕ್ಕಾ, ವಾರ್ಡು ಕನ್ನಡಿಯಂತೆ ಸ್ವಚ್ಛ. ಹಾಗಾದರೆ ರೋಗವೇನು ಆಕಾಶದಿಂದ ಉದುರಿತೇ?

“ಮೇಡಮ್, ಐಸಿಯುಕ್ಕೂ ವಾರ್ಡಿಗೂ ನಡುವಿನ ಪಡಸಾಲಿ ಉಳೀತಲ್ರಿ,” ಅಂದ ಹೆಡ್ ಕಾನ್‌ಸ್ಟೇಬಲ್ ಅಶ್ಫಾಕ.

ಪ್ರಿಯದರ್ಶಿನಿ ತಟ್ಟನೆ ತಿರುಗಿದಳು. “ಕಸ್ತೂರೆವ್ವ, ಅಲ್ಲಿ ಏನಾತು?”

“ಆಯಾ ಒಂದು ಕೌದಿ ಹೊಚ್ಚಿದ್ಲ್ರಿ. ವಾರ್ಡಿನ ಬಾಗಿಲದಾಗ ತಗೊಂಡು ಹ್ವಾದ್ಲು.”

ಫರಹತಳ ಮುಖ ಬಿಳಿಚಿತು. “ಶಂಕ್ರೆವ್ವ! ಕೌದಿ ಬ್ಯಾಡಂತ ಆ ಆಯಾನ ಕಡಿಂದ ಎರಡು ಸಲ ಹೆಬ್ಬೆಟ್ಟು ಒತ್ತಿಸಿಕೊಂಡೇನ್ರಿ. ಈಗ ಪೇಷಂಟ್ ಯಾಕೂಬಸಾಬರನ್ನ ಐಸಿಯುದಿಂದ ಹೊರಗ ತರಾಕ ಹೋಗ್ಯಾಳ್ರಿ!”

ಓಡಿದರು ನೋಡಿ! ಅಶ್ಫಾಕನ ಟೋಪಿ ಎಲ್ಲಿ ಬಿತ್ತೋ ಅವನಿಗೇ ಗೊತ್ತಿಲ್ಲ. 11.05. ಐಸಿಯು ಬಾಗಿಲು ತೆರೆದಿತ್ತು, ಯಾಕೂಬಸಾಬನ ಟ್ರಾಲಿ ಹೊರಬಂದಿತ್ತು. ಎದೆಯ ಹಸಿ ಹೊಲಿಗೆಗೆ ಕೌದಿ ಗೇಣು ದೂರ.

“ಹೊಚ್ಚಬ್ಯಾಡವ್ವಾ!”

ಪ್ರಿಯದರ್ಶಿನಿಯ ಕೂಗಿಗೆ ಪಡಸಾಲೆಯೇ ಬೆಚ್ಚಿತು. ಅಶ್ಫಾಕ ಟ್ರಾಲಿಯನ್ನು ಹಿಂದಕ್ಕೆ ಎಳೆದೇಬಿಟ್ಟ. ಸಿಕ್ಕಿತು! ಪ್ರಿಯದರ್ಶಿನಿಗೆ ಕುಣಿಯುವಷ್ಟು ಖುಷಿಯಾಯಿತು.

11.30ಕ್ಕೆ ಪಂಚರ ಸಮಕ್ಷಮ ಪಂಚನಾಮೆ ಮಾಡಿ ಕೌದಿ ಜಪ್ತಿ ಮಾಡಿದರು. ಶುಕ್ರವಾರ ಲ್ಯಾಬ್ ವರದಿ ಬಂತು. ಮೂವರ ಕೀವಿನಲ್ಲಿದ್ದ ರೋಗಾಣುವೇ ಕೌದಿಯಲ್ಲೂ ಇತ್ತು. ರೋಗಾಣು ಗೊತ್ತಾದ ಮೇಲೆ ತಕ್ಕ ಔಷಧಿ ಬಿತ್ತು, ಮಾಳಿಂಗನ ಜ್ವರ ಇಳಿಯತೊಡಗಿತು. ಸಂಜೆ 4.20ಕ್ಕೆ ನಿರ್ಲಕ್ಷ್ಯದಿಂದ ಸೋಂಕು ಹರಡಿದ್ದಕ್ಕೆ ಬಿಎನ್‌ಎಸ್ ಕಲಂ 271ರ ಅಡಿ ಶಂಕ್ರೆವ್ವನನ್ನು ಬಂಧಿಸಿದರು.

“ಬ್ಯಾಡಂದ್ರೂ ಯಾಕ ಹೊಚ್ಚಿದಿ ಯವ್ವಾ?”

“ಹ್ವಾದ ವರ್ಷ ನನ್ನ ಮಗಳು ಇದ ಪಡಸಾಲ್ಯಾಗ ‘ಚಳಿ ಯವ್ವಾ’ ಅಂತ ನಡುಗಿದ್ಲ್ರಿ. ಹೊಚ್ಚಾಕ ಏನೂ ಇರಲಿಲ್ಲ. ಅದ ಆಕಿ ಕಡೀ ಮಾತು.”

“ಒಂದ್ಸಲನಾರ ಒಗೀಬೇಕಿತ್ತಲ್ಲ?”

“ಮನ್ಯಾಗ ಉಳದಿದ್ದ ಆಕಿ ಕೌದಿರೀ ಅದು. ಒಗದ್ರ ಆಕಿ ವಾಸನಿ ಹೋಗ್ತಿತ್ತು.”

ಪ್ರಿಯದರ್ಶಿನಿ ಹೇಳಿಕೆಯಲ್ಲಿ ಅಕ್ಷರ ಬಿಡದೆ ಬರೆದುಕೊಂಡಳು. ಶಂಕ್ರೆವ್ವ ಜಾಮೀನಿನ ಮಾತೇ ಎತ್ತಲಿಲ್ಲ. ಹೆಬ್ಬೆಟ್ಟು ಒತ್ತಿ ಒಂದೇ ಮಾತು ಕೇಳಿದಳು.

“ಕೌದಿ ತಿರುಗಿ ಕೊಡ್ತೀರೇನ್ರಿ?”

“ಇಲ್ಲವ್ವ. ಕೋರ್ಟ್ ಮುಗಿದ ಮ್ಯಾಲ ಸುಡ್ತಾರ.”