ಹಲ್ಲಿನ ಕ್ಲಿನಿಕ್ಕಿನಲ್ಲಿ ಹವಳದ ಕೊಲೆ

ಸೋಮವಾರ ಬೆಳಗ್ಗೆ ಹಲ್ಲಿನ ಕ್ಲಿನಿಕ್ಕಿನ ಬಾಗಿಲು ತೆರೆದಾಗ, ಗಾಜಿನ ತೊಟ್ಟಿಯಲ್ಲಿ ಎರಡು ಹವಳಗಳು ಸತ್ತಿದ್ದವು.

ಹವಳ ಎಂದರೆ ಉಂಗುರಕ್ಕೆ ಕೂರಿಸುವ ಕೆಂಪು ಕಲ್ಲಲ್ಲ. ಉಪ್ಪುನೀರಿನಲ್ಲಿ ಬಂಡೆಗೆ ಅಂಟಿಕೊಂಡು ಬದುಕುವ ಜೀವ. ಡಾಕ್ಟರಿಗೆ ಈ ಹುಚ್ಚು ಹೊಸದು. ಮೊದಲ ಸಲಕ್ಕೆಂದು ಮೂರು ಹವಳ ತಂದಿದ್ದರು. ಒಂದು ಅಣಬೆಯಂಥದು, ಒಂದು ಗುಂಡಿಗಳ ಗೊಂಚಲಿನಂಥದು. ಇನ್ನೊಂದು ಟಾರ್ಚ್ ಹವಳ, ಉದ್ದನೆಯ ಎಳೆಗಳದು. ಈಗ ಟಾರ್ಚ್ ಒಂದೇ ನಡುವೆ ನಿಂತು ಓಲಾಡುತ್ತಿತ್ತು.

"ಫಿನೈಲ್ ಕೈಯನ್ನ ನೀರಿಗೆ ಅದ್ದಿದ್ದೀಯ!" ಡಾಕ್ಟರು ಕಿರುಚಿದರು. "ನಾಳೆಯಿಂದ ಬರಬೇಡ."

ಆಯಮ್ಮ ಒರೆಸುವ ಬಟ್ಟೆ ಹಿಡಿದು ನಿಂತಳು. ಹನ್ನೊಂದು ವರ್ಷ ಈ ನೆಲ ಒರೆಸಿದವಳು. ಅತ್ತರೆ ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂದು ತುಟಿ ಕಚ್ಚಿಕೊಂಡಿದ್ದಳು.

"ಗಾಜು ಒರೆಸಿದ್ದು ಹೊರಗಡೆಯಿಂದ ಸಾರ್. ಅದೂ ಶನಿವಾರ."

ಬೆಂಚಿನ ಮೇಲೆ ಕೆನ್ನೆ ಊದಿಸಿಕೊಂಡು ಒಬ್ಬ ವರದಿಗಾರ್ತಿ ಕೂತಿದ್ದಳು. ಅಪರಾಧ ಸುದ್ದಿ ಬರೆಯುವವಳು. ಹಲ್ಲು ಎಷ್ಟೇ ಸಿಡಿಯಲಿ, ಮೂಗು ತೂರಿಸದೆ ಇರಲಾರಳು.

* * *

ಅವಳು ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಒಂದು ಪುಟ್ಟ ಸಿಗಡಿ ಬಂಡೆಯ ಮೇಲೆ ಆರಾಮಾಗಿ ಮೇಯುತ್ತಿತ್ತು.

"ಫಿನೈಲ್ ಬಿದ್ದಿದ್ರೆ ಮೊದಲು ಇದು ಹೋಗ್ಬೇಕಿತ್ತಲ್ವಾ?"

ಡಾಕ್ಟರು ಬಗ್ಗಿ ಸಿಗಡಿಯನ್ನು ನೋಡಿದರು.

"ಹೀಟರ್ ಕೆಟ್ಟಿರ್ಬಹುದು ಮೇಡಂ," ಎಂದಳು ಚೀಟಿ ಬರೆಯುವ ಹುಡುಗಿ.

ತೊಟ್ಟಿಯ ಥರ್ಮಾಮೀಟರ್ ಇಪ್ಪತ್ತೈದು ಡಿಗ್ರಿ ತೋರಿಸುತ್ತಿತ್ತು, ಹವಳಕ್ಕೆ ಹಿತವಾದಷ್ಟೇ. ಅದೂ ಅಲ್ಲ.

ವರದಿಗಾರ್ತಿ ಗಾಜಿಗೆ ಮುಖ ಆನಿಸಿದಳು. ವಿಚಿತ್ರ. ಎರಡು ಹವಳಗಳೂ ಒಂದೇ ಸಮ ಹಾಳಾಗಿರಲಿಲ್ಲ. ಟಾರ್ಚ್ ಕಡೆಯ ಮಗ್ಗುಲಲ್ಲಿ ಮಾಂಸವೆಲ್ಲ ಕರಗಿ ಬರೀ ಕಲ್ಲು ಉಳಿದಿತ್ತು.

ತೊಟ್ಟಿಯ ಮೇಲೆ ಅಂಗಡಿಯ ನಂಬರಿತ್ತು. ಫೋನ್ ಮಾಡಿದಳು.

"ಅಣಬೆ, ಗುಂಡಿ ಎರಡೂ ಹೊಸಬರಿಗೆ ಸರಿಹೋಗ್ತವೆ ಅಂತ ಕೊಟ್ಟೆ," ಎಂದ ಅಂಗಡಿಯವ. "ಟಾರ್ಚ್ ಬೇಡ ಅಂದೆ. ಡಾಕ್ಟ್ರು ಕೇಳ್ಲಿಲ್ಲ. ಒಂದು ಗೇಣು ದೂರ ಇಡಿ ಅಂತ ಹತ್ತು ಸಲ ಹೇಳಿದೀನಿ."

"ಹತ್ತಿರ ಇಟ್ರೆ?"

"ದೀಪ ಆರಿದ್ಮೇಲೆ ಎಳೆ ಚಾಚಿ ಕುಟುಕತ್ತೆ. ಪಕ್ಕದವರು ಸುಟ್ಟುಹೋಗ್ತಾರೆ."

* * *

"ತೊಟ್ಟಿದು ಹಳೇ ಫೋಟೊ ಇದೆಯಾ?" ಎಂದಳು ವರದಿಗಾರ್ತಿ.

ಚೀಟಿಯ ಹುಡುಗಿ ಮೊಬೈಲ್ ಕೊಟ್ಟಳು. ಶನಿವಾರ ಸಂಜೆ, ಬಾಗಿಲು ಹಾಕುವ ಮುಂಚೆ ತೆಗೆದದ್ದು. ಅದರಲ್ಲಿ ಟಾರ್ಚಿನ ಎರಡೂ ಕಡೆ ಧಾರಾಳ ಜಾಗ. ಈಗ ನೋಡಿದರೆ ಮೂರೂ ಒಂದಕ್ಕೊಂದು ತಾಗಿಕೊಂಡಿವೆ.

"ಭಾನುವಾರ ಬೀಗದ ಕೈ ಯಾರ ಹತ್ರ ಇತ್ತು?"

"ನನ್ನ ಹತ್ರ," ಎಂದರು ಡಾಕ್ಟರು. "ಬಂದೆ, ಸಿಗಡಿಗೆ ಊಟ ಹಾಕಿದೆ, ಹೋದೆ."

"ಊಟ ಹಾಕೋಕೆ ಮಣಿಕಟ್ಟು ಮುಳುಗಿಸ್ಬೇಕಾ? ನಿಮ್ಮ ವಾಚಿನ ಪಟ್ಟಿ ನೋಡಿ."

ಕಪ್ಪು ಪಟ್ಟಿಯ ತುಂಬ ಬಿಳಿ ಕರೆ. ಉಪ್ಪುನೀರು ಒಣಗಿದ ಗುರುತು.

"ನನ್ನ ಮುಂದಿನ ಹಲ್ಲಿನ ಸಂದಿ ಮುಚ್ಚಿಸ್ಕೋ ಅಂತ ಪ್ರತಿ ಸಲ ಜೀವ ತಿಂತೀರಿ," ಎಂದಳು ವರದಿಗಾರ್ತಿ. "ಇಲ್ಲೂ ಸಂದಿ ಕಂಡಿತು. ಸುಮ್ನಿರೋಕೆ ಆಗ್ಲಿಲ್ಲ. ಸಾಲಾಗಿ ಒತ್ತಾಗಿ ಜೋಡಿಸಿಬಿಟ್ರಿ. ದೀಪ ಆರಿತು, ಟಾರ್ಚ್ ತನ್ನ ಕೆಲಸ ಮಾಡ್ತು."

ಡಾಕ್ಟರ ಮುಖ ಇಳಿಯಿತು. ಅವರು ಸುಳ್ಳುಗಾರರಲ್ಲ. ಸರಿಸಿದ್ದೂ ಒಂದು ತಪ್ಪು ಎಂದು ಅವರಿಗೆ ಹೊಳೆದೇ ಇರಲಿಲ್ಲ.

"ಸ್ವಲ್ಪ ನೀಟಾಗಿ ಕಾಣ್ಲಿ ಅಂತ..." ಎಂದು ತಡವರಿಸಿದರು. ಆಮೇಲೆ ನೆಲ ನೋಡುತ್ತಾ ಗೊಣಗಿದರು. "ತಪ್ಪಾಯ್ತು. ನಾಳೆ ಬಾ, ಆಯಮ್ಮ."

ಪಾಪದವಳು ಖುಷಿಯಿಂದ ತಲೆಯಾಡಿಸುತ್ತಾಳೆ ಎಂದೇ ಎಲ್ಲರೂ ಅಂದುಕೊಂಡರು. ಆಯಮ್ಮ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ನೆಟ್ಟಗೆ ನಿಂತಳು.

"ಬೈದಿದ್ದು ಇಷ್ಟು ಮೆಲ್ಲಗಲ್ಲ ಸಾರ್. ಅಷ್ಟೇ ಜೋರಾಗಿ ಹೇಳಿ."

ಡಾಕ್ಟರು ಗಂಟಲು ಸರಿಮಾಡಿಕೊಂಡರು. ಬೆಂಚಿನ ಮೇಲಿದ್ದವರೆಲ್ಲ ತಲೆ ಎತ್ತುವಷ್ಟು ಜೋರಾಗಿ ಹೇಳಿದರು.