ಒಂದು ಸ್ಟಾರ್ಟಿಗೆ ಒಂದು ಬೆರಳು

"ಎಡಗೈಯೋ, ಬಲಗೈಯೋ?"

ಕಟಿಂಗ್ ಪ್ಲೇಯರ್ ಹಿಡಿದವನು ತುಂಬ ಮರ್ಯಾದೆಯಿಂದ ಕೇಳಿದ. ಹೋಟೆಲ್‌ನಲ್ಲಿ ಟೀನಾ, ಕಾಫೀನಾ ಅಂತ ಕೇಳುತ್ತಾರಲ್ಲ, ಹಾಗೆ.

"ಎಡಗೈ. ಕಿರುಬೆರಳು," ಎಂದೆ. "ಟೈಪಿಂಗ್‌ಗೆ ಅದು ಅಷ್ಟು ಬೇಕಾಗಲ್ಲ."

"ಜಾಣ!" ಎಂದ ಧಣಿ.

ಕಟ್!

ವಿವರ ಬೇಡ. ನೀವು ಊಟ ಮಾಡಿ ಬಂದಿದ್ದೀರಿ.

ಚಕ್ರದ ಕುರ್ಚಿಗೆ ನನ್ನ ಸೊಂಟ ಸೇರಿಸಿ ಕಟ್ಟಿದ್ದರು. ಎದುರಿಗೆ ಒಂದು ಹಳೇ ಕಂಪ್ಯೂಟರ್. ಹತ್ತು ಹೆಜ್ಜೆ ದೂರದಲ್ಲಿ ಕೋಲ್ಡ್ ಸ್ಟೋರೇಜಿನ ಉಕ್ಕಿನ ಬಾಗಿಲು. ಮುಚ್ಚಿತ್ತು. ಅದರ ಹಿಂದೆ ಮೈನಸ್ ಹದಿನೆಂಟು ಡಿಗ್ರಿ... ಮತ್ತು ಇಬ್ಬರು ಮನುಷ್ಯರು.

ಒಬ್ಬ ನನ್ನ ಹೆಂಡತಿಯ ತಮ್ಮ. ಇನ್ನೊಬ್ಬ ಧಣಿಯ ತಮ್ಮ.

ನನ್ನ ಭಾಮೈದ ಇಲ್ಲಿ ಎಲೆಕ್ಟ್ರಿಷಿಯನ್. ಕ್ಯಾಮೆರಾದಲ್ಲಿ ನೋಡಬಾರದ್ದನ್ನು ನೋಡಿದ. ನೋಡಿದ್ದನ್ನು ಬಾಯಿಬಿಟ್ಟು ಹೇಳಿದ. ಧಣಿ ಅವನನ್ನು ಆ ಕೋಣೆಗೆ ದಬ್ಬಿಸಿದ. ಅರ್ಧ ಗಂಟೆ ಬಿಟ್ಟು, ಕೆಲಸ ಮುಗಿಯಿತೇ ನೋಡೋಣವೆಂದು ಧಣಿಯ ತಮ್ಮ ದಪ್ಪ ಕೋಟು ಹಾಕಿಕೊಂಡು ಒಳಗೆ ಹೋದ. ಅದೇ ಹೊತ್ತಿಗೆ ಈ ಪ್ಲೇಯರ್‌ನವನು, ಇಕ್ಕಳ ಎಂದೇ ಅವನನ್ನು ಕರೆಯುವುದು, ಕ್ಯಾಮೆರಾ ರೆಕಾರ್ಡಿಂಗ್ ಅಳಿಸಿ ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿದ.

ಆಫ್ ಆಯಿತು. ಆನ್ ಆಗಲಿಲ್ಲ.

ಆ ಬಾಗಿಲನ್ನು ತೆರೆಯುವುದು ಮೋಟಾರು. ತೆರೆದದ್ದನ್ನು ಹಿಡಿದುಕೊಳ್ಳುವುದು ಮ್ಯಾಗ್ನೆಟ್. ಎರಡಕ್ಕೂ ಅಪ್ಪಣೆ ಕೊಡುವುದು ಕಂಪ್ಯೂಟರ್. ಅದು ಸತ್ತರೆ ಬಾಗಿಲು ತನ್ನ ಭಾರಕ್ಕೆ ತಾನೇ ಇಳಿಜಾರು ಹಳಿಯ ಮೇಲೆ ಜಾರಿ... ಧಡ್! ಬೀಗ! ಒಳಗಿನಿಂದ ತೆರೆಯಲು ಒಂದು ಹಿಡಿ ಇತ್ತು. ಕಿತ್ತು ಹಾಕಿಸಿದವನು ಧಣಿಯೇ. ಮಾತು ಕೇಳದವರನ್ನು ಆ ಕೋಣೆಯಲ್ಲಿ ಕೂಡಿಹಾಕುತ್ತಿದ್ದ. ಹಿಡಿ ಇದ್ದರೆ ಅವರು ಹೊರಗೆ ಬಂದುಬಿಡುತ್ತಿದ್ದರು!

ಸತ್ತ ಮಷಿನ್ ಎಬ್ಬಿಸುವುದು ನನ್ನ ಕಸುಬು. ಹಾಗಾಗಿ ಅಂಗಡಿಯಿಂದ ನನ್ನನ್ನು ಚೀಲ ಎತ್ತಿದ ಹಾಗೆ ಎತ್ತಿಕೊಂಡು ಬಂದಿದ್ದರು. ಬ್ಯಾಗಿನ ಸಮೇತ.

"ಗ್ಯಾಸ್ ಕಟರ್‌ನವನನ್ನ ಕರೆಸಬಹುದಿತ್ತಲ್ಲ, ಧಣಿ?"

"ಅವನು ಬಂದ್ರೆ ಹಿಂದೇನೇ ಪೊಲೀಸ್ ಬರ್ತಾರೆ. ನೀನು ಬಂದ್ರೆ ಯಾರೂ ಬರಲ್ಲ." ಧಣಿ ಹಲ್ಲು ಬಿಟ್ಟ. "ಆನ್ ಮಾಡು. ಏಳ್ಲಿಲ್ವಾ, ಒಂದು ಬೆರಳು. ಹತ್ತು ಚಾನ್ಸ್ ಕೊಟ್ಟಿದ್ದೀನಿ. ಸರ್ಕಾರಿ ಪರೀಕ್ಷೇಲೂ ಇಷ್ಟು ಕೊಡಲ್ಲ!"

ಒಂದು ಚಾನ್ಸ್ ಈಗಷ್ಟೇ ಹೋಗಿತ್ತು. ನೆಲದ ಮೇಲೆ ಬಿದ್ದಿತ್ತು.

ಗೋಡೆಯ ಇಂಟರ್‌ಕಾಮ್ ಕೆಮ್ಮಿತು. "ಅಣ್ಣಾ! ಬೇಗ ಅಣ್ಣಾ... ಮೂಗು ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ!"

ಧಣಿಯ ತಮ್ಮ. ನನ್ನ ಭಾಮೈದನ ದನಿ ಕೇಳಲಿಲ್ಲ.

"ರೋಗ ಗೊತ್ತಾಯ್ತು," ಎಂದೆ, ಕೈಗೆ ಟವೆಲ್ ಬಿಗಿಯುತ್ತಾ. "ಸ್ಕ್ರೀನ್ ಮೇಲೆ ಸಾಲಾಗಿ ಚುಕ್ಕಿ ಬಂದು ನಿಂತ್ವಲ್ಲ, ನೋಡಿದ್ರಾ?"

"ನೋಡ್ದೆ. ಅದಕ್ಕೇನೀಗ?"

"ಆನ್ ಮಾಡಿದ ತಕ್ಷಣ ಬೋರ್ಡ್ ಮೇಲಿರೋ ಒಂದು ಚಿಪ್ ಏಳುತ್ತೆ. ಅದಕ್ಕೆ ಬುದ್ಧಿ ಕಮ್ಮಿ. ಡಿಸ್ಕಿನ ಮೊದಲನೇ ತುಣುಕನ್ನ ಮೆಮೊರಿಗೆ ಹಾಕಿ, ಇನ್ನು ನಿನ್ನ ಪಾಡು ಅಂತ ಕೈ ತೊಳ್ಕೊಳ್ಳುತ್ತೆ. ಆ ತುಣುಕಿಂದ ಏಳೋನೇ ಬೂಟ್‌ಲೋಡರ್. ಹಮಾಲಿ ಅಂದ್ಕೊಳ್ಳಿ. ಕರ್ನಲ್ ಅಂತ ಈ ಮಷಿನ್‌ಗೆ ಒಬ್ಬ ಯಜಮಾನ ಇದಾನೆ. ಅವನನ್ನ ಡಿಸ್ಕಿಂದ ಹೊತ್ಕೊಂಡು ಬಂದು ಮೆಮೊರಿಯಲ್ಲಿ ಕೂರಿಸೋದು ಹಮಾಲಿ ಕೆಲಸ. ಒಂದೊಂದು ಮೂಟೆಗೆ ಒಂದೊಂದು ಚುಕ್ಕಿ."

"ಚುಕ್ಕಿ ಬಂದ್ವಲ್ಲ! ಹಂಗಾದ್ರೆ ಹೊತ್ತು ತಂದ!"

"ತಂದ. ಏನನ್ನ ತಂದ? ಇವನು ಹಳೇ ಕಾಲದ ಹಮಾಲಿ, ಧಣಿ. ಕುರುಡ. ಫೈಲ್ ಹೆಸರು ಓದಕ್ಕೆ ಬರಲ್ಲ. ಇಂತಿಂಥ ನಂಬರ್ ರ್ಯಾಕಿಂದ ಎತ್ಕೋ ಅಂತ ಒಂದು ಚೀಟಿ ಬರೆದುಕೊಟ್ಟಿರ್ತಾರೆ. ಅಲ್ಲಿಗೆ ಹೋಗ್ತಾನೆ, ಸಿಕ್ಕಿದ್ದು ಹೊರ್ತಾನೆ."

ಇಕ್ಕಳನ ಕಡೆ ತಿರುಗಿದೆ. "ಸಾರ್, ರೆಕಾರ್ಡಿಂಗ್ ಅಳಿಸಿದ್ರಿ. ಜೊತೆಗೆ ಇನ್ನೇನು ಮಾಡಿದ್ರಿ?"

ಇಕ್ಕಳ ಪ್ಲೇಯರನ್ನು ನೋಡಿಕೊಂಡ. "ತುಂಬ ಗಲೀಜಾಗಿತ್ತು... ಗೊತ್ತಿಲ್ಲದ ಫೈಲೆಲ್ಲ ಎರಡನೇ ಡಿಸ್ಕಿಗೆ ಸಾಗಿಸ್ದೆ. ಕಸ ಅಂತ ಫೋಲ್ಡರ್ ಮಾಡಿ."

"ಆಮೇಲೆ?"

"ಜಾಗ ಆಯ್ತಲ್ಲ... ಒಂದು ಸಿನಿಮಾ ಹಾಕ್ದೆ."

"ನೋಡಿ ಧಣಿ! ಯಜಮಾನನ ರ್ಯಾಕಲ್ಲಿ ಒಂದು ಹಾಡು, ಎರಡು ಫೈಟ್. ಹಮಾಲಿ ಅದನ್ನೇ ತಂದು ಯಜಮಾನನ ಕುರ್ಚಿಯಲ್ಲಿ ಕೂರಿಸಿದಾನೆ. ಬಾಗಿಲು ತೆಗಿ ಅಂದ್ರೆ ಅದಕ್ಕೇನು ಗೊತ್ತಾಗುತ್ತೆ?"

ಧಣಿ ಇಕ್ಕಳನನ್ನು ನಿಧಾನವಾಗಿ ನೋಡಿದ. "ನಿಂಗೆಷ್ಟು ಬೆರಳಿದೆಯೋ?"

"ಹ... ಹತ್ತು, ಧಣಿ."

"ಸಂಜೆ ನೋಡ್ಕೊಳ್ಳೋಣ."

ಇಂಟರ್‌ಕಾಮ್ ಕಿರುಚಿತು. "ಏಯ್! ಬಿಡೋ! ಕೋಟು ಬಿಡೋ ನನ್ ಮಗನೇ..."

ಧಪ್ ಎಂದಿತು. ಆಮೇಲೆ ಏನೂ ಇಲ್ಲ.

ಧಣಿಯ ಮುಖ ಸುಣ್ಣ. "ಬೇಗ ಮಾಡೋ!"

ಬ್ಯಾಗಿನಿಂದ ನನ್ನ ಸಿ.ಡಿ. ತೆಗೆದೆ. ಅದರಿಂದ ಮಷಿನ್ ಅರ್ಧ ಎಚ್ಚರವಾಯಿತು. ಎರಡನೇ ಡಿಸ್ಕಿನ ಕಸದಲ್ಲಿ ಯಜಮಾನ ಹಾಗೇ ಬಿದ್ದಿದ್ದ. ಅವನ ಒಂದು ನಕಲನ್ನು ಮೊದಲ ಡಿಸ್ಕಿಗೆ ಹಾಕಿ, ಎಲ್ಲಿಟ್ಟೆನೆಂದು ಹಮಾಲಿಗೆ ಹೊಸ ಚೀಟಿ ಬರೆದೆ. ಸಿ.ಡಿ. ಜೇಬಿಗೆ ಹೋಯಿತು.

ಮತ್ತೆ ಸ್ಟಾರ್ಟ್.

ಉಂಗುರದ ಬೆರಳಿಗೆ ತಣ್ಣಗೆ ಪ್ಲೇಯರ್ ತಾಗಿತು. ಮದುವೆಯಲ್ಲೂ ಆ ಬೆರಳನ್ನು ಯಾರೂ ಅಷ್ಟು ಪ್ರೀತಿಯಿಂದ ಹಿಡಿದಿರಲಿಲ್ಲ.

ಚುಕ್ಕಿ... ಚುಕ್ಕಿ... ಚುಕ್ಕಿ...

ಸ್ಕ್ರೀನ್ ತುಂಬ ಅಕ್ಷರ ಸುರಿಯಿತು! ಯಜಮಾನ ಎದ್ದ!

"ಶಭಾಷ್!" ಎಂದ ಧಣಿ. "ಬಾಗಿಲು!"

"ಒಂದೇ ನಿಮಿಷ."

"ಏನದು ಟೈಪ್ ಮಾಡ್ತಿರೋದು?"

"ಇಕ್ಕಳ ಸಾಹೇಬರು ಬಿಟ್ಟ ಕಸ ಗುಡಿಸ್ತಿದ್ದೀನಿ, ಧಣಿ. ಮತ್ತೆ ಕೈ ಕೊಡಬಾರದಲ್ಲ."

ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ. ಕರ್ನಲ್ ಒಮ್ಮೆ ಮೆಮೊರಿಗೆ ಬಂದು ಕೂತರೆ, ಡಿಸ್ಕಿನಲ್ಲಿರುವ ತನ್ನ ಫೈಲ್ ಅದಕ್ಕೆ ಬೇಕಿಲ್ಲ. ಫೈಲನ್ನು ಅಳಿಸಿ, ಆ ರ್ಯಾಕಿಗೆ ಅದೇ ಸಿನಿಮಾವನ್ನು ಮತ್ತೆ ತುಂಬಿದರೂ ಮಷಿನ್ ರಾಜನ ಹಾಗೆ ಓಡುತ್ತದೆ.

ಆಫ್ ಆಗುವವರೆಗೆ.

ಎರಡೂ ಡಿಸ್ಕಿನಲ್ಲಿದ್ದ ಯಜಮಾನನನ್ನು ಅಳಿಸಿದೆ. ಸಿನಿಮಾ ತುಂಬಿದೆ. ಬಾಗಿಲಿನ ಕೀ ಒತ್ತಿದೆ.

ಮೋಟಾರು ಗುರ್ ಎಂದಿತು. ಬಿಳೀ ಹಬೆಯ ಜೊತೆ ಒಬ್ಬ ಮನುಷ್ಯ ಹೊಸ್ತಿಲ ಮೇಲೆ ಬಂದು ಬಿದ್ದ. ಮೈಮೇಲೆ ದಪ್ಪ ಕೋಟು.

"ತಮ್ಮಾ!" ಧಣಿ ಓಡಿದ. ತಿರುಗಿಸಿದ. ನನ್ನ ಭಾಮೈದ!

ಧಣಿಯ ತಮ್ಮ ಕೋಣೆಯ ಆ ತುದಿಯಲ್ಲಿ ಅಂಗಾತ ಬಿದ್ದಿದ್ದ. ಬರೀ ಬನಿಯನ್‌ನಲ್ಲಿ. ಒಬ್ಬರು ಎತ್ತುವ ಆಳಲ್ಲ, ನೂರಹತ್ತು ಕೆಜಿ.

"ಇವನದ್ದು ಆಮೇಲೆ!" ಧಣಿ ನನ್ನ ಭಾಮೈದನನ್ನು ದಾಟಿ ಒಳಗೆ ನುಗ್ಗಿದ. "ಬಾರೋ ಇಕ್ಕಳ, ಕಾಲು ಹಿಡ್ಕೋ!"

ನನ್ನನ್ನು ಕಟ್ಟಿದ್ದಾರೆ ಎಂಬ ಧೈರ್ಯ ಅವರಿಗೆ. ಕಟ್ಟಿದ್ದು ಚಕ್ರದ ಕುರ್ಚಿಗೆ ಎಂಬ ನೆನಪಿಲ್ಲ.

ಕಾಲಿನಿಂದ ನೆಲ ಒದ್ದೆ. ಕುರ್ಚಿ ಕಂಪ್ಯೂಟರಿನ ಪ್ಲಗ್ಗಿನ ಕಡೆ ಹೊರಟಿತು. ನೋಡಿದರೆ... ಭಾಮೈದನ ಒಂದು ಕಾಲು ಇನ್ನೂ ಹಳಿಯ ಮೇಲಿದೆ!

"ಕಾಲು ಎಳ್ಕೊಳ್ಳೋ!"

"ಮರಗಟ್ಟಿದೆ ಭಾವ... ಬರ್ತಿಲ್ಲ."

"ನಿಮ್ಮಕ್ಕನಿಗೆ ಏನಂತ ಹೇಳ್ಲಿ? ಮುಕ್ಕಾಲು ಭಾಗ ತಂದಿದ್ದೀನಿ ಅಂತಲಾ?"

ಅಕ್ಕನ ಹೆಸರು ಕೇಳಿದ್ದೇ ಅವನಿಗೆ ಜೀವ ಬಂತು. ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಾಲನ್ನು ತಾನೇ ಮೂಟೆಯ ಹಾಗೆ ಎಳೆದುಕೊಂಡ.

ಒಳಗೆ ಧಣಿ ತಿರುಗಿದ. ಉರುಳುತ್ತಿದ್ದ ಕುರ್ಚಿ ಕಂಡಿತು. ತಮ್ಮನನ್ನು ಅಲ್ಲೇ ಕೆಡವಿ ಓಡಿ ಬಂದ. "ಏಯ್! ಏಯ್!"

ಪ್ಲಗ್ ಕಿತ್ತೆ.

ಧಡ್!

ಭಾಮೈದ ಹಲ್ಲು ಕಟಕಟಿಸುತ್ತಾ ನನ್ನ ಹಗ್ಗ ಬಿಚ್ಚಿದ. "ಭಾವ, ನಿಮ್ಮ ಬೆರಳು..."

"ಇಲ್ಲೇ ಎಲ್ಲೋ ಇರಬೇಕು. ಕೋಟು ಎಲ್ಲಿ ಸಿಕ್ತೋ?"

"ಕೇಳ್ದೆ. ಕೊಡಲ್ಲ ಅಂದ."

"ಮತ್ತೆ?"

"ಎರಡನೇ ಸಲ ಕೇಳಕ್ಕೆ ಹೋಗ್ಲಿಲ್ಲ."

ಇಂಟರ್‌ಕಾಮ್ ಮಾತಾಡಿತು. ಈ ಸಲ ಧಣಿಯ ದನಿ. "ಆನ್ ಮಾಡೋ! ನಾಲ್ಕು ಗಂಟೆಗೆ ನಮ್ಮ ಲೋಡಿಂಗ್‌ನವರು ಬರ್ತಾರೆ... ಅವರೇ ಆನ್ ಮಾಡ್ತಾರೆ. ಆಮೇಲೆ ನಿನ್ನ..."

"ಯಾಕೆ ಕಾಯೋದು ಧಣಿ, ನಾನೇ ಮಾಡ್ತೀನಿ."

ಪ್ಲಗ್ ಸಿಕ್ಕಿಸಿ ಆನ್ ಮಾಡಿದೆ. ಚುಕ್ಕಿ... ಚುಕ್ಕಿ... ನಿಂತಿತು.

"ಹಮಾಲಿ ಮತ್ತೆ ಸಿನಿಮಾನೇ ಹೊತ್ಕೊಂಡು ಬಂದ, ಧಣಿ. ಯಜಮಾನ ಈಗ ಕಸದಲ್ಲೂ ಇಲ್ಲ."

ಒಳಗಿನಿಂದ ಬಾಗಿಲಿಗೆ ಎರಡು ಒದೆ ಬಿತ್ತು. ಆಮೇಲೆ ದನಿ ಬದಲಾಯಿತು. "ಅಪ್ಪಾ... ಹೊಸದಾಗಿ ಹಾಕಕ್ಕೆ ಬರುತ್ತಲ್ಲ ನಿಂಗೆ? ಹಾಕಪ್ಪಾ. ಕೈ ಮುಗೀತೀನಿ!"

"ಬರುತ್ತೆ. ಟೈಪಿಂಗ್ ತುಂಬ ಇದೆ."

"ಮಾಡಪ್ಪಾ... ಬೇಗ ಮಾಡಪ್ಪಾ!"

ಬ್ಯಾಗು ಹೆಗಲಿಗೆ ಹಾಕಿಕೊಂಡೆ.

"ಬೇಗ ಕಷ್ಟ, ಧಣಿ. ಆ ಕಿರುಬೆರಳು ಬೇಕಾಗಿತ್ತು ನೋಡಿ."